ಹಿಮ್ಮುಖವಾಗಿ ನಡೆಯುತ್ತಿದ್ದ ಜಯದೇವಪ್ಪನವರು

ಗೋಣಿಬೀಡಿನ ಜಯದೇವಪ್ಪನವರು ಏರುದಾರಿಯಲ್ಲಿ ಹಿಮ್ಮುಖವಾಗಿ ನಡೆಯುತ್ತಿದ್ದರು. ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿರುವ ತಮ್ಮ ಅಂಗಡಿಯಿಂದ ಮೇಲಿನ ಎಸ್ಟೇಟಿನ ಕಾಫಿ ಕಣದವರೆಗೆ ಹೋಗುವ ಮಣ್ಣುರಸ್ತೆಯಲ್ಲಿ, ಹಿಂದೆ ಬರುವ ಹುಡುಗ ಹುಡುಗಿಯರ ಕಡೆಗೆ ಮುಖ ಮಾಡಿ, ಎಡಗೈಯನ್ನು ಬೆನ್ನಿಗೆ ಕಟ್ಟಿ, ಬಲಗೈಯಿಂದ ತಮ್ಮ ಮಾತಿಗೆ ತಾವೇ ತಾಳ ಹಾಕುತ್ತ, ಕಲ್ಲು ಯಾವುದು ಗುಂಡಿ ಯಾವುದು ಎಂಬುದನ್ನು ಹಿಮ್ಮಡಿಯಿಂದಲೇ ಅರಿತುಕೊಂಡು ಅವರು ಹತ್ತುತ್ತಿದ್ದ ಬಗೆಯನ್ನು ಕಂಡ ಹೊಸಬರು, ಈ ಮನುಷ್ಯನಿಗೆ ಏನೋ ಆಗಿದೆ ಎಂದುಕೊಂಡು ದಾರಿ ಬಿಡುತ್ತಿದ್ದರು. ಊರಿನವರಿಗೆ ಅದು ಅಭ್ಯಾಸವಾಗಿತ್ತು. ಎದುರಿನ ಹೋಟೆಲಿನ ಏಕಾಂತಪ್ಪ ಮಾತ್ರ ಕೆಣಕದೆ ಬಿಡುತ್ತಿರಲಿಲ್ಲ.

“ಎದುರಿಂದ ಜೀಪು ಬಂದ್ರೆ ಎಂತ ಮಾಡ್ತೀರಿ ಮಾರಾಯ್ರೇ?”

“ಜೀಪಿಗೆ ಹಾರನ್ ಇದೆ. ಹಿಂದೆ ಬರೋ ಮಕ್ಳು ನಿಂತ್ಹೋದ್ರೆ ಯಾರು ಹಾರನ್ ಹೊಡೀತಾರೆ, ನ್ಯಾಯ ಹೇಳು!”

‘ನ್ಯಾಯ ಹೇಳು’ ಎಂಬುದು ಅವರ ಎಲ್ಲ ಮಾತಿಗೂ ಬೀಳುತ್ತಿದ್ದ ಒಗ್ಗರಣೆ. ಗಮ್‌ಬೂಟು, ಟಾರ್ಪಾಲು, ಮೊಳೆ, ಹಗ್ಗ, ಕತ್ತಿ ಮಾರುವ ಅಂಗಡಿ ಅವರದು. ಮೊಳೆ ತೂಗುವಾಗ ತಕ್ಕಡಿಯನ್ನು ಗಿರಾಕಿಯ ಕಡೆಗೆ ತಿರುಗಿಸಿ, ತಾವು ಬೇರೆಲ್ಲೋ ನೋಡುತ್ತ, “ನೀವೇ ನೋಡ್ಕಳಿ, ನ್ಯಾಯ ಹೇಳಿ” ಎನ್ನುವರು. ಸೆಕೆ ಹೆಚ್ಚಾಗಿದೆ ಎಂದು ಹೇಳುವುದಕ್ಕೂ ಅವರಿಗೆ ಎದುರಿನವರ ನ್ಯಾಯ ಬೇಕಿತ್ತು. ಆ ಸೆಕೆಯಲ್ಲೂ ಮೈಮೇಲೆ ಕಂದುಬಣ್ಣದ ಉಣ್ಣೆಯ ಕೋಟು. ಅದರ ಒಳಗೆ ಒಂದು ಜೋಳಿಗೆಯಷ್ಟು ದೊಡ್ಡ ಜೇಬನ್ನು ದರ್ಜಿಯಿಂದ ಹೊಲಿಸಿಕೊಂಡಿದ್ದರು. ಅದರಲ್ಲಿ ಎಸೆದು ಆಡುವ, ತಟ್ಟೆಯಗಲದ, ಬಿಳಿಯ ಪ್ಲಾಸ್ಟಿಕ್ಕಿನ ಒಂದು ಡಿಸ್ಕು ಸದಾ ಇರುತ್ತಿತ್ತು. ನೋಡಿದವರಿಗೆ ಹೊಟ್ಟೆ ಒಂದೇ ಪಕ್ಕಕ್ಕೆ ಬಂದ ಹಾಗೆ ಕಾಣಬೇಕು. ಇನ್ನೊಂದು ಪಕ್ಕದಲ್ಲಿ, ಅಂಗಿಯ ಒಳಗೆ ಎದೆಯ ಮೇಲೆ, ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಒಂದು ಕಡೆ ಆಟ, ಒಂದು ಕಡೆ ಶಿವ. ಅವೆರಡರ ನಡುವೆ ನೆಟ್ಟಗೆ ನಿಲ್ಲುವ ಶಕ್ತಿಯನ್ನು ಕೊಡು ಎಂದು ಬೆಳಗಿನ ಪೂಜೆಯಲ್ಲಿ ಕೇಳಿಕೊಳ್ಳುತ್ತೇನೆ ಎಂದು ಒಮ್ಮೆ ನಗುತ್ತ ಹೇಳಿದ್ದರು.

ಆ ಡಿಸ್ಕು ಅವರ ಬಳಿಗೆ ಬಂದದ್ದು ಮೊಳೆಯ ಡಬ್ಬಿಗೆ ಮುಚ್ಚಳವಾಗಿ. ಹತ್ತಿರದ ಹೋಂಸ್ಟೇಯಲ್ಲಿ ಯಾರೋ ಬಿಟ್ಟುಹೋದದ್ದನ್ನು ಅಲ್ಲಿನ ಆಳು ತಂದುಕೊಟ್ಟಿದ್ದ. ಹಗ್ಗ ಕೊಳ್ಳಲು ಬಂದ ಪ್ರವಾಸಿ ಹುಡುಗಿಯೊಬ್ಬಳು ಅದನ್ನು ಕಂಡು ನಕ್ಕು, ಅಂಗಡಿಯ ಮುಂದೆಯೇ ಎಸೆಯುವುದನ್ನೂ ಹಿಡಿಯುವುದನ್ನೂ ತೋರಿಸಿದಳು. ಒಬ್ಬರಿಂದೊಬ್ಬರಿಗೆ ಎಸೆಯುತ್ತ ಸಾಗಬೇಕು, ಹಿಡಿದವರು ಹೆಜ್ಜೆ ಇಡಬಾರದು, ಎದುರಾಳಿಯ ಕೊನೆಯ ಪಟ್ಟಿಯೊಳಗೆ ನಿಂತು ಹಿಡಿದರೆ ಒಂದು ಅಂಕ. ಇಷ್ಟೇ ಆಟ. ಆದರೆ ಇದಕ್ಕೆ ಅಂಪೈರು ಇಲ್ಲ, ಫೌಲಾದರೆ ಆಡುವವರೇ ಕೂಗಿ ಹೇಳಬೇಕು, ಹೆಣ್ಣು ಗಂಡು ಒಂದೇ ತಂಡದಲ್ಲಿ ಆಡಬಹುದು ಎಂದು ಅವಳು ಹೇಳಿದಾಗ ಜಯದೇವಪ್ಪನವರು ತಕ್ಕಡಿ ಬಿಟ್ಟು ಎದ್ದು ನಿಂತರಂತೆ.

“ಹಂಗಾದ್ರೆ ಸುಳ್ಳು ಹೇಳ್ದೋನೇ ಗೆಲ್ತಾನಲ್ಲಮ್ಮ?”

“ಗೆಲ್ತಾನೆ ಅಂಕಲ್. ಆದ್ರೆ ಮಾರನೇ ದಿನ ಅವನ ಜೊತೆ ಆಡೋಕೆ ಯಾರೂ ಬರಲ್ಲ.”

ಸಾಕ್ಷಿಯಿಲ್ಲದ ಆಟ ಎಂಬ ಆ ಸಂಗತಿ ಅವರನ್ನು ಹಿಡಿದುಕೊಂಡಿತು. ಒಳಗೊಬ್ಬ ಕೂತು ನೋಡುತ್ತಾನೆಂದು ನಂಬಿ ಬದುಕುವವರಿಗೆ ಹೊರಗಿನ ಅಂಪೈರು ಬೇಡವೆನ್ನುವ ಆಟ ಕಂಡರೆ ಇನ್ನೇನಾಗಬೇಕು! ಆದರೆ ನಮ್ಮ ಕಡೆ ಆಡಲು ಸಮತಟ್ಟಾದ ಜಾಗವೆಲ್ಲಿದೆ? ಗುಡ್ಡದ ಮಗ್ಗುಲಿನಲ್ಲಿ ಮಟ್ಟವಾಗಿರುವುದೆಂದರೆ ಕಾಫಿ ಒಣಗಿಸುವ ಸಿಮೆಂಟಿನ ಕಣವೊಂದೇ. ಕೊಯ್ಲು ಮುಗಿದು, ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿಬೀಜ, ಅಂದರೆ ಪಾರ್ಚ್‌ಮೆಂಟು, ಚೀಲ ಸೇರಿದ ಮೇಲೆ, ಮಳೆ ಹಿಡಿದು ಹಾವಸೆ ಕಟ್ಟುವವರೆಗೆ ಕಣ ಖಾಲಿ. ಮೇಲಿನ ಎಸ್ಟೇಟಿನ ಮಾಲೀಕರ ಮಗ ದರ್ಶನ್ ಆಟದ ಹುಚ್ಚಿನವನು. ಅವನ ಮೂಲಕ ಕಣ ಸಿಕ್ಕಿತು. ಗೋಣಿಚೀಲ ಹಾಸಿ ಕೊನೆಯ ಪಟ್ಟಿಗಳ ಗುರುತು ಮಾಡಿದರು. ಮೂವರು ಹುಡುಗರಿಗೆ ಮೂವರು ಹುಡುಗಿಯರು ಎಂಬ ನಿಯಮವನ್ನು ಮೊದಲ ದಿನವೇ ಹಾಕಿ, ಹುಡುಗಿಯರಿಗಾಗಿ ಮನೆಮನೆಗೆ ತಾವೇ ಹೋದರು. ಆ ಹುಡುಗಿಯರು ಬಟ್ಟೆ ಬದಲಾಯಿಸಲೆಂದು, ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಬೀಗದಕೈಯನ್ನು ಎಸ್ಟೇಟಿನವರಿಂದ ಕೇಳಿ ತಂದರು. ಆಟ ಮುಗಿದ ಮೇಲೆ ಕಡಲೆಮಿಠಾಯಿ ಮುರಿದರೆ ಹುಡುಗನ ಪಾಲು ಒಂದು ಕಾಳೂ ಹೆಚ್ಚಾಗಬಾರದು. ಈ ವಿಷಯದಲ್ಲಿ ಅವರ ಮೇಲೆ ಬೆರಳಿಡಲು ಯಾರಿಗೂ ಆಗುತ್ತಿರಲಿಲ್ಲ. ನನ್ನ ಅಕ್ಕನ ಮಗಳು ಸೌಮ್ಯಳನ್ನೂ ಅವರೇ ಬಂದು ಕೇಳಿ ಕರೆದೊಯ್ದವರು. ಅವಳನ್ನು ಕರೆತರಲು ಹೋಗಿ ಕಣದಂಚಿನ ಕಲ್ಲಿನ ಮೇಲೆ ಕೂತು ನಾನು ಈ ಆಟವನ್ನೂ ಅದಕ್ಕಿಂತ ಹೆಚ್ಚಾಗಿ ಅವರನ್ನೂ ನೋಡಿದ್ದೇನೆ.

ಮಕ್ಕಳೆಲ್ಲ ‘ಮಾವ’ ಎಂದು ಕರೆಯುತ್ತಿದ್ದ ಅವರ ಕಟ್ಟಳೆಗಳಲ್ಲಿ ಒಂದು ಬಹಳ ಕಟ್ಟುನಿಟ್ಟು. ಫೌಲಾದರೆ ಆ ಕ್ಷಣವೇ ಕೂಗಬೇಕು. ಎರಡು ಎಸೆತ ಕಳೆದ ಮೇಲೆ ಯಾರಾದರೂ ಗೊಣಗಿದರೆ ಆಟ ನಿಲ್ಲಿಸಿ ಹೇಳುವರು: “ಕೂಗೋದಿದ್ರೆ ಆಗ್ಲೇ ಕೂಗು ಮಾರಾಯ. ಊಟ ಆದ್ಮೇಲೆ ನೆನಪಾದ ಫೌಲು ಲೆಕ್ಕಕ್ಕಿಲ್ಲ.”

ಆ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವಳು ಮೇಘಶ್ರೀ. ಗುಡ್ಡದಾಚೆ ಒಂದು ಚೂರು ಕಾಫಿ ತೋಟವಿರುವ ಮಂಜಯ್ಯನ ಮಗಳು, ಉದ್ದ ಕಾಲಿನ, ಕಡಿಮೆ ಮಾತಿನ ಹುಡುಗಿ. ಅವಳು ಎಸೆದ ಡಿಸ್ಕು ನೆಲಕ್ಕೆ ಸಮನಾಗಿ, ಒಂದಿಷ್ಟೂ ಅಲುಗದೆ, ಹಿಡಿಯುವವರ ಎದೆಯ ಎತ್ತರಕ್ಕೆ ಬಂದು ನಿಲ್ಲುವುದು. ಕೈಗೆ ಸಿಗದೆ ಹಾರುವ ಡಿಸ್ಕನ್ನು ಮೈ ಚಾಚಿ ಬೀಳುತ್ತ ಹಿಡಿಯುವುದು ಅವಳ ವಿಶೇಷ. ಹಾಗೆ ಒಮ್ಮೆ ಹಾರಿ ಗಲ್ಲ ಸಿಮೆಂಟಿಗೆ ಬಡಿದು ಮುಂದಿನ ಹಲ್ಲು ಅರ್ಧ ಮುರಿಯಿತು. ಡಿಸ್ಕು ಮಾತ್ರ ಕೈಯಲ್ಲೇ ಇತ್ತು. ರಕ್ತದ ಬಾಯಲ್ಲೇ ನಗುತ್ತಿದ್ದಳು.

ಮರುದಿನ ಅವಳ ಅಜ್ಜಿ ದ್ಯಾವಮ್ಮ ಅಂಗಡಿಗೆ ಬಂದರು. ಉಪ್ಪು ಹುಳಿ ಇಲ್ಲದೆ ಮಾತಾಡಿ ಗೊತ್ತಿಲ್ಲದ ಹೆಂಗಸು.

“ಎಂತ ಆಟ ಜಯದೇವಪ್ಪೋರೆ ಇದು? ಊಟದ ತಟ್ಟೆ ಎಸಿಯೋದು, ನಾಯಿಮರಿ ಹಂಗೆ ಅದರ ಹಿಂದೆ ಓಡೋದು! ಇವತ್ತು ಹಲ್ಲು ಹೋಯ್ತು, ನಾಳೆ ಕಾಲು ಹೋಗ್ತದೆ. ನಿಮ್ಮ ಹೊಟ್ಟೇಲಿ ಹುಟ್ಟಿದ್ದಾಗಿದ್ರೆ ಸಿಮೆಂಟಿನ ಮೇಲೆ ಹಿಂಗೆ ಬೀಳ್ಸಿರ್ತಿದ್ರಾ?”

ಜಯದೇವಪ್ಪನವರಿಗೂ ಅವರ ಹೆಂಡತಿ ಶಿವಗಂಗಮ್ಮನಿಗೂ ಮಕ್ಕಳಿಲ್ಲ. ಅಜ್ಜಿ ಅದನ್ನು ಮರೆತು ಆಡಿದ ಮಾತು. ಆದರೆ ಅದು ಹೋಗಿ ಕೂತ ಜಾಗ ಬೇರೆ. ಅವರು ಕೈಯಲ್ಲಿದ್ದ ಮೊಳೆಗಳನ್ನು ಡಬ್ಬಿಗೆ ಹಾಕಿ, ಕೋಟಿನ ಮೇಲಿಂದಲೇ ಕರಡಿಗೆಯ ಮೇಲೆ ಅಂಗೈ ಇಟ್ಟರು.

“ಇನ್ಮೇಲೆ ಮೇಘ ಬೀಳೋದಿಲ್ಲ ದ್ಯಾವಮ್ಮೋರೆ. ಲಿಂಗದ ಮೇಲಾಣೆ.”

ಆ ಆಣೆಯನ್ನು ಅವರು ನಿಷ್ಠೆಯಿಂದ ಪಾಲಿಸಿದರು. ಹುಡುಗರನ್ನು ಪಕ್ಕಕ್ಕೆ ಕರೆದು, ಕಣದಲ್ಲಿ ದೂರದ ಎಸೆತಗಳೇನಿದ್ದರೂ ನಿಮ್ಮನಿಮ್ಮಲ್ಲೇ ಇರಲಿ, ಹುಡುಗಿಯರಿಗೆ ಹತ್ತಿರದಿಂದ ಮೆಲ್ಲಗೆ ಕೊಡಿ, ಹಾರಿ ಹಿಡಿಯಬೇಕಾದ್ದನ್ನು ಕೊಡಬೇಡಿ ಎಂದರು. ಹೆಸರು ಹಿಡಿದು ಒಬ್ಬಳನ್ನೇ ಬೇರೆ ಮಾಡುವುದು ಅನ್ಯಾಯವೆಂದು ಮೂವರಿಗೂ ಅದೇ ನಿಯಮ ಮಾಡಿದರು! ಯಾರಾದರೂ ಮರೆತು ಕೈ ಎತ್ತಿದರೆ ಹೊರಗೆ ನಿಂತ ಜಯದೇವಪ್ಪನವರು ತಮ್ಮ ಎದೆಯ ಮೇಲೆ ಎರಡು ಸಲ ಅಂಗೈ ತಟ್ಟುವರು. ಎಸೆತ ಬೇರೆ ಕಡೆಗೆ ತಿರುಗುವುದು. ಹುಡುಗಿಯರಿಗೆ ಹೇಳಲಿಲ್ಲ, ಹೇಳಿದರೆ ನೊಂದುಕೊಂಡಾರು ಎಂಬ ಅಂತಃಕರಣ. ಮೇಘಶ್ರೀಯಾದರೋ, ಡಿಸ್ಕು ತನ್ನ ಕಡೆಗೆ ಬಾರದಿರುವುದು ತನ್ನ ಓಟದ ಕೊರತೆಯೆಂದು ತಿಳಿದು, ಬೆಳಗ್ಗೆ ಸೌಮ್ಯಳನ್ನು ಎಬ್ಬಿಸಿಕೊಂಡು ಹೋಗಿ ಇನ್ನಷ್ಟು ಓಡಿದಳು.

ಅಷ್ಟರಲ್ಲಿ ಲೀಗಿನ ಸುದ್ದಿ ಬಂತು. ಬೆಂಗಳೂರಿನಲ್ಲಿ ಕೆಲವರು ಸೇರಿ ಈ ಆಟಕ್ಕೆಂದೇ ಹೊಸ ಲೀಗ್ ಕಟ್ಟಿದ್ದರು. ಆಡುವವರಿಗೆ ಸಂಬಳ, ಹೆಣ್ಣಿಗೂ ಗಂಡಿಗೂ ಒಂದೇ ಸಂಬಳ, ಅಂಗಳದಲ್ಲಿ ಇಬ್ಬರ ಸಂಖ್ಯೆಯೂ ಸಮ. ಬೇರೆ ಆಟಗಳಲ್ಲಿ ಹೆಂಗಸರಿಗೆ ಆಗುವ ತಾರತಮ್ಯ ಇಲ್ಲಿ ಇರಕೂಡದೆಂಬುದೇ ಅವರ ಉದ್ದೇಶ. ಬೆಟ್ಟದ ಕಡೆಯ ತಂಡಕ್ಕೆ ಜನರನ್ನು ಆರಿಸಲು ಮೂಡಿಗೆರೆಯ ಮೈದಾನದಲ್ಲಿ ಪಂದ್ಯ ನಡೆಯುವುದೆಂದು ತಿಳಿದಾಗ ಜಯದೇವಪ್ಪನವರು ಕುಣಿಯುವುದೊಂದೇ ಬಾಕಿ. “ನಮ್ಮ ಮೇಘನ್ನ ಬಿಟ್ಟು ಇನ್ಯಾರನ್ನ ತಗೋತಾರೆ, ನ್ಯಾಯ ಹೇಳಿ ಅಕ್ಕಾ!” ಎಂದು ನನ್ನೊಡನೆ ಎಷ್ಟು ಸಲ ಹೇಳಿದರೋ. ಮಂಜಯ್ಯನನ್ನು ಒಪ್ಪಿಸಿದವರೂ ಅವರೇ. ಆಯ್ಕೆಯಾದರೆ ಕಳಿಸುವುದು, ಇಲ್ಲದಿದ್ದರೆ ಅವಳು ಊರಿನಲ್ಲೇ ಒಂದು ಕೆಲಸ ನೋಡಿಕೊಳ್ಳುವುದು ಎಂದು ಅಪ್ಪ ಮಗಳ ನಡುವೆ ಮಾತಾಯಿತು. ಡಿಗ್ರಿ ಮುಗಿಸಿದ್ದ ಆ ಹುಡುಗಿಗೆ ಅದೊಂದೇ ಬಾಗಿಲು ಕಾಣುತ್ತಿತ್ತು.

ಕಾಫಿ ಹೂವಿನ ಮಳೆ ಬಿದ್ದು ಮೈದಾನದ ಹುಲ್ಲು ಚಿಗುರಿತ್ತು. ಸೌಮ್ಯಳ ಜೊತೆಗೆಂದು ನಾನೂ ಹೋಗಿದ್ದೆ. ಎದುರಾಳಿಗಳು ಚಿಕ್ಕಮಗಳೂರಿನ ತಂಡ. ಲೀಗಿನಿಂದ ಬಂದಿದ್ದ ಕೋಚ್, ಕತ್ತರಿಸಿದ ಕೂದಲಿನ ಮಧ್ಯವಯಸ್ಸಿನ ಹೆಂಗಸು, ಗೆರೆಯ ಹೊರಗೆ ಕೈಕಟ್ಟಿ ನಿಂತಿದ್ದರು. ಮೇಘಶ್ರೀ ಆಟವಿಡೀ ಓಡಿದಳು, ತಿರುಗಿದಳು, ಎದುರಾಳಿಯನ್ನು ಹಿಂದೆ ಹಾಕಿ ಕೈ ಎತ್ತಿದಳು, ಮತ್ತೆ ಓಡಿದಳು. ಡಿಸ್ಕು ಹುಡುಗರ ನಡುವೆಯೇ ಹಾರಾಡಿತು. ಎರಡೂ ಕಡೆ ಅಂಕ ಸಮವಾಗಿ, ಕೊನೆಯ ಅಂಕ ಉಳಿಯಿತು. ಡಿಸ್ಕು ದರ್ಶನನ ಕೈಯಲ್ಲಿ. ದೂರದ ಪಟ್ಟಿಯೊಳಗೆ ಮೇಘಶ್ರೀ ಒಬ್ಬಳೇ, ಸುತ್ತ ಯಾರೂ ಇಲ್ಲ, ಬಲಗೈ ಆಕಾಶಕ್ಕೆ. ದರ್ಶನ್ ನೋಡಿದ. ಕೈಯನ್ನು ಹಿಂದಕ್ಕೆ ಎಳೆದ. ಆಗ ಜಯದೇವಪ್ಪನವರ ಅಂಗೈ, ಅವರಿಗೇ ಗೊತ್ತಾಗದ ಹಾಗೆ, ಎದೆಯ ಮೇಲೆ ಎರಡು ಸಲ ಬಿತ್ತು. ದರ್ಶನ್ ತಿರುಗಿ, ಅದೇ ಪಟ್ಟಿಯ ಇನ್ನೊಂದು ಅಂಚಿನೊಳಗೆ ಇಬ್ಬರು ಎದುರಾಳಿಗಳ ನಡುವೆ ಸಿಕ್ಕಿಕೊಂಡಿದ್ದ ತಮ್ಮ ತಂಡದ ಪ್ರಶಾಂತನಿಗೆ ಎಸೆದ. ಪ್ರಶಾಂತ್ ಹೇಗೋ ಹಿಡಿದ. ಗೆದ್ದರು.

ಆ ಗದ್ದಲದ ನಡುವೆ ಕೋಚ್ ಬಂದು ಅವರ ಮುಂದೆ ನಿಂತರು.

“ಸರ್, ಆ ಉದ್ದ ಹುಡುಗಿ ಇಡೀ ಆಟ ಓಡಿದ್ಳು. ಹೇಗೆ ಹಿಡೀತಾಳೆ, ಹೇಗೆ ಎಸೀತಾಳೆ ಅಂತ ನೋಡೋಕೆ ಕಾಯ್ತಾನೇ ಇದ್ದೆ. ನೀವು ತೋರಿಸ್ಲೇ ಇಲ್ಲ.”

“ಮೂರು ಹುಡುಗ್ರು, ಮೂರು ಹುಡುಗೀರು. ಸಮ ಇತ್ತಲ್ಲಮ್ಮ, ನ್ಯಾಯ ಹೇಳಿ.”

“ನಿಂತಿದ್ದು ಆರು ಜನ ಸರ್. ಆಡಿದ್ದು ಮೂರೇ ಜನ.”

ಜಯದೇವಪ್ಪನವರು ಅಂಗಲಾಚಿದರು. ಮೇಘಶ್ರೀಯನ್ನು ಕರೆದು ಎಸೆಯಲು ಹೇಳಿದರು. ಅವಳು ಎಸೆದಳು, ಮೈದಾನದ ಈ ತುದಿಯಿಂದ ಆ ತುದಿಗೆ ಡಿಸ್ಕು ಗೆರೆ ಎಳೆದಂತೆ ಹೋಯಿತು. ಕೋಚ್ ಅದನ್ನು ನೋಡಿ ನಿಟ್ಟುಸಿರು ಬಿಟ್ಟರು. ಎದುರಾಳಿ ಇಲ್ಲದಾಗ ಎಸೆದದ್ದನ್ನು ನೋಡಿ ಆರಿಸುವಂತಿಲ್ಲ, ಹುಡುಗಿಯರ ಜಾಗಕ್ಕೆ ಬೇರೆ ತಂಡಗಳಲ್ಲಿ ಆಡಿ ತೋರಿಸಿದವರು ಇದ್ದಾರೆ, ಮುಂದಿನ ವರ್ಷ ಕರೆತನ್ನಿ ಎಂದರು. ಹುಡುಗರಲ್ಲಿ ದರ್ಶನನನ್ನು ತೆಗೆದುಕೊಂಡರು.

ಹಿಂದಿರುಗುವ ಜೀಪಿನಲ್ಲಿ ಜಯದೇವಪ್ಪನವರು ಎಂದಿನಂತೆ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ, ಸೀಟಿನ ಬೆನ್ನನ್ನು ತಬ್ಬಿ ಕೂತಿದ್ದರು. ಮೇಘಶ್ರೀ ಮೆಲ್ಲಗೆ ದರ್ಶನನನ್ನು ಕೇಳಿದಳು.

“ಕೊನೇಲಿ ನಾನು ಕಾಣ್ಲಿಲ್ವಾ?”

“ಕಂಡೆ.”

“ಮತ್ತೆ?”

“ಮಾವ ಎದೆ ತಟ್ಟಿದ್ರಲ್ಲ.”

“ಎದೆ ತಟ್ಟಿದ್ರೆ ಎಂತ?”

ದರ್ಶನ್ ಅವಳ ಮುಖ ನೋಡಿದ. “ನಿಂಗೆ ಗೊತ್ತಿರ್ಲಿಲ್ವಾ? ದೂರದ್ದು ಹುಡುಗೀರಿಗೆ ಬೇಡ ಅಂತ. ನಿಂಗೆ ಗೊತ್ತು ಅಂದ್ಕಂಡಿದ್ದೆ ಮಾರಾಯ್ತಿ.”

ಅವಳು ಎದುರಿಗೇ ಮುಖ ಮಾಡಿ ಕೂತಿದ್ದ ಜಯದೇವಪ್ಪನವರನ್ನು ಒಂದು ಸಲ ನೋಡಿ, ಹೊರಗೆ ಓಡುವ ತೋಟಗಳ ಕಡೆಗೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವರು ಸೀಟಿನ ಬೆನ್ನನ್ನು ಬಿಟ್ಟು, ಮೆಲ್ಲಗೆ, ಬಹಳ ಮೆಲ್ಲಗೆ, ಮುಂದಕ್ಕೆ ತಿರುಗಿ ಕೂತರು. ಅವರು ಆ ಮಕ್ಕಳಿಗೆ ಬೆನ್ನು ಹಾಕಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಮಳೆಗಾಲ ಹಿಡಿಯುವ ಮುಂಚೆ ದರ್ಶನ್ ಹೋದ. ಮೇಘಶ್ರೀ ಅವನ ಅಪ್ಪನ ಎಸ್ಟೇಟಿನಲ್ಲೇ ರೈಟರ್ ಕೆಲಸಕ್ಕೆ ಸೇರಿದಳು. ಆಳುಗಳ ಹಾಜರಿ ಹಿಡಿಯುವುದು, ಕೊಯ್ಲಿನ ಕಾಲದಲ್ಲಿ ಕಣದ ಉಸ್ತುವಾರಿ. ಜಯದೇವಪ್ಪನವರು ನಾನು ಅಂಗಡಿಗೆ ಹೋದಾಗಲೆಲ್ಲ ಒಂದೇ ಮಾತು ತೆಗೆಯುತ್ತಿದ್ದರು. “ಲಿಂಗ ಮುಟ್ಟಿ ಕೊಟ್ಟ ಮಾತು ಅಕ್ಕಾ. ಉಳಿಸ್ಕಂಡೆ. ಅದರಲ್ಲಿ ತಪ್ಪೆಲ್ಲಿ, ನ್ಯಾಯ ಹೇಳಿ.” ನಾನು ಕೇಳಿಸಿಕೊಳ್ಳುತ್ತಿದ್ದೆ. ಅವರು ಕೇಳುತ್ತಿದ್ದುದು ನನ್ನನ್ನಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕೊನೆಗೆ ಆ ಮಾತಿಗೆ ಉತ್ತರ ತಂದವರು ದ್ಯಾವಮ್ಮನೇ. ಕಾಫಿ ಸುಗ್ಗಿಯ ಒಂದು ದಿನ, ಕೊಯ್ಲಿನವರಿಗೆ ಚೀಲ ಕೊಳ್ಳಲು ಬಂದವರು ಬೆಂಚಿನ ಮೇಲೆ ಕೂತು ಹೇಳಿದರು:

“ಹಲ್ಲು ಉಳೀಲಿ ಅಂತ ನಿಮ್ಮ ಕೈಲಿ ಆಣೆ ಇಡಿಸ್ದೆ. ಈಗ ನೋಡಿ, ಹುಡುಗಿ ನಗೋದನ್ನೇ ಬಿಟ್ಟಿದಾಳೆ. ನಗದೇ ಇದ್ಮೇಲೆ ಹಲ್ಲು ಇಟ್ಕಂಡು ಎಂತ ಮಾಡದು ಜಯದೇವಪ್ಪೋರೆ?”

ಅಂದೇ ಮಧ್ಯಾಹ್ನ ಅವರು ನಮ್ಮ ಮನೆಯ ಮುಂದೆ ನಿಂತು, “ಒಂಚೂರು ಕಣದ ತನಕ ಬನ್ನಿ ಅಕ್ಕಾ” ಎಂದರು. ಏರುದಾರಿಯಲ್ಲಿ ನನಗಿಂತ ಮುಂದೆ ನಡೆದರು, ನೆಲ ನೋಡಿಕೊಂಡು, ಎಲ್ಲರೂ ನಡೆಯುವಂತೆ. ನೋಡಿಕೊಂಡು ನಡೆದರೂ ಎರಡು ಸಲ ಎಡವಿದರು. ಕಣದ ತುಂಬ ಪಾರ್ಚ್‌ಮೆಂಟು ಹರಡಿತ್ತು, ಹುಳಿ ವಾಸನೆ. ಮೇಘಶ್ರೀ ತಲೆಗೆ ಬಟ್ಟೆ ಕಟ್ಟಿ, ಬೀಜ ಹರಡುವ ಉದ್ದ ಹಿಡಿಯ ಕುಂಟಾಣಿಯಿಂದ ಸಾಲು ಎಳೆಯುತ್ತಿದ್ದಳು. ಅವರು ಚಪ್ಪಲಿ ಬಿಟ್ಟು ಕಣದಂಚಿನಲ್ಲಿ ನಿಂತರು.

“ಮೇಘಾ, ಒಂದು ಫೌಲ್ ಕೂಗ್ಬೇಕಿತ್ತು.”

“ಯಾರ ಮೇಲೆ ಮಾವ?”

“ನನ್ನ ಮೇಲೇ. ಆ ಕೊನೇ ಎಸೆತ ನಿಂದು. ನಾನು ತಡ್ದೆ. ನೀನು ಬೀಳಬಾರ್ದು ಅಂತ ನಿಮ್ಮಜ್ಜಿಗೆ ಮಾತು ಕೊಟ್ಟಿದ್ದೆ.”

ಅವಳು ಸಾಲನ್ನು ತುದಿಯವರೆಗೂ ಎಳೆದು ಮುಗಿಸಿದಳು.

“ಅಲ್ಲಿ ಹುಲ್ಲಿತ್ತಲ್ಲ ಮಾವ.”

ಜಯದೇವಪ್ಪನವರು ಕಾಲಡಿಯ ಸಿಮೆಂಟನ್ನು ನೋಡಿದರು. ಸಿಮೆಂಟಿನ ಮೇಲೆ ಕಟ್ಟಿದ ಕಾವಲನ್ನು ಹುಲ್ಲಿನ ಮೇಲೂ ಹೊತ್ತುಕೊಂಡು ಹೋಗಿದ್ದೆ ಎಂಬುದು, ಇಷ್ಟು ಪೂಜೆ, ಇಷ್ಟು ಯೋಚನೆಯ ನಡುವೆ ಒಮ್ಮೆಯೂ ಅವರಿಗೆ ಹೊಳೆದಿರಲಿಲ್ಲ.

“ಬಿದ್ದಿದ್ರೂ ಹಿಡೀತಿದ್ದೆ” ಎಂದಳು. ಆಮೇಲೆ, “ನ್ಯಾಯ ಹೇಳ್ಲಾ?”

“ಹೇಳು.”

“ಊಟ ಆದ್ಮೇಲೆ ನೆನಪಾದ ಫೌಲು ಲೆಕ್ಕಕ್ಕಿಲ್ಲ. ನೀವೇ ಕಲ್ಸಿದ್ದು.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ಹಗುರವಾಗುತ್ತಿತ್ತೋ ಏನೋ. ಅವರು ಕೋಟಿನೊಳಗೆ ಕೈ ಹಾಕಿ ಡಿಸ್ಕನ್ನು ಹೊರತೆಗೆದು ಅವಳ ಕಡೆಗೆ ಚಾಚಿದರು. ಕಣ ಖಾಲಿಯಾದ ಮೇಲೆ ಮತ್ತೆ ಬರುತ್ತೀಯಾ ಎಂಬುದು ಆ ಕೈಯಲ್ಲಿತ್ತು. ಅವಳು ಎರಡೂ ಕೈಯಿಂದ ಕುಂಟಾಣಿ ಹಿಡಿದೇ ನಿಂತು, “ಕಾಫಿ ಕುಡ್ಕಂಡು ಹೋಗಿ ಮಾವ, ಅಕ್ಕನೂ ಬಂದಿದಾರೆ” ಎಂದು, ಕಣದ ಕೆಲಸದ ಹೆಂಗಸರ ಕಡೆಗೆ ತಿರುಗಿ ಮುಂದಿನ ಸಾಲು ತೋರಿಸಿದಳು.

ಈಗಲೂ ಕಣ ಖಾಲಿಯಾದಾಗ ಅವರು ಮಕ್ಕಳನ್ನು ಕರೆದೊಯ್ಯುತ್ತಾರೆ. ದೂರದ ಎಸೆತ ಹುಡುಗಿಯರಿಗೂ ಹೋಗುತ್ತದೆ. ಮೊನ್ನೆ ಸೌಮ್ಯ ಹಾರಿ ಬಿದ್ದು ಮೊಣಕೈ ತರಚಿಕೊಂಡಳು. ಅವರ ಅಂಗೈ ಎದೆಯ ಕಡೆಗೆ ಹೊರಟು, ಅರ್ಧದಲ್ಲಿ ನಿಂತು, ಬೆನ್ನ ಹಿಂದಕ್ಕೆ ಹೋಗಿ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಮೇಘಶ್ರೀ ಆಟಕ್ಕೆ ಬರುವುದಿಲ್ಲ. ಅವರು ಹಿಮ್ಮುಖವಾಗಿ ನಡೆಯುವುದಿಲ್ಲ. ಏಕಾಂತಪ್ಪನೂ ಕೆಣಕುವುದನ್ನು ಬಿಟ್ಟಿದ್ದಾನೆ.

ಇಂಥವರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಹೆಣ್ಣುಮಕ್ಕಳಿಗೆ ಮುಚ್ಚಿದ್ದ ಬಾಗಿಲನ್ನು ಮೊದಲು ತಳ್ಳಿದವರು ಇವರೇ, ಒಳಗೆ ಬಂದವಳು ಎಡವಿಯಾಳೆಂದು ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದು ನಿಂತವರೂ ಇವರೇ. ಕೆಡುಕರು ಕಿತ್ತುಕೊಂಡದ್ದನ್ನು ಬೀದಿಯಲ್ಲಿ ನಿಂತು ಕೂಗಿ ಹೇಳಬಹುದು. ಇವರು ತಡೆದದ್ದನ್ನು ಹೇಳಹೊರಟರೆ ನಾಲಿಗೆ ಹಿಂಜರಿಯುತ್ತದೆ, ಏಕೆಂದರೆ ಕೂಗುವುದನ್ನು ಕಲಿಸಿದವರೇ ಇವರು. ನಿಲ್ಲಲು ಜಾಗ ಕೊಟ್ಟರೆ ಸಮಪಾಲು ಮುಗಿಯಿತೆಂದು ನಂಬಿದ ಒಳ್ಳೆಯವರು. ಬೀಳುವುದಕ್ಕೂ ಅಷ್ಟೇ ಜಾಗ ಬೇಕೆಂಬುದು ಅವರಿಗೆ ತಿಳಿಯುವ ಹೊತ್ತಿಗೆ ಡಿಸ್ಕು ಬೇರೆ ಯಾರದೋ ಕೈ ಸೇರಿರುತ್ತದೆ, ಮೇಲೆತ್ತಿದ್ದ ಕೈ ತಾನಾಗಿ ಕೆಳಗಿಳಿದಿರುತ್ತದೆ. ಸಂಜೆ ದೀಪ ಹಚ್ಚುವಾಗ ನಾನು ಇಬ್ಬರನ್ನೂ ನೆನೆಯುತ್ತೇನೆ. ಆ ಕೈ ಮತ್ತೊಮ್ಮೆ ಮೇಲೇಳಲಿ ಎಂದು, ಅದನ್ನು ಕಾಣುವಷ್ಟು ಕಾಲ ಅವರು ಇರಲಿ ಎಂದು.